ಹನ್ನೆರಡೂ ಹತ್ತರ ನೆರಳು

ಸೆಪ್ಟೆಂಬರ್ ೨, ಸೋಮವಾರ

ನಿವೃತ್ತನಾಗಿ ಹನ್ನೆರಡು ವರ್ಷವಾದ ಮೇಲೆ ಕಚೇರಿಗೆ ನನ್ನ ನೆನಪಾಗಿದೆ. ರಾಜಧಾನಿಯ ಹಳೆಯ ಫೋಟೋಗಳ ಪ್ರದರ್ಶನವಂತೆ, ಮುಂದಿನ ತಿಂಗಳು ಐದಕ್ಕೆ. ಪೆಟ್ಟಿಗೆಗಟ್ಟಲೆ ಗಾಜಿನ ನೆಗೆಟಿವ್‌ಗಳು ಬಿದ್ದಿವೆ, ಯಾವುದು ಯಾವ ಬೀದಿ ಎಂದು ಹೇಳುವವರು ಅಲ್ಲಿ ಯಾರೂ ಉಳಿದಿಲ್ಲ. “ಟಚಿಂಗ್ ಯಜಮಾನ್ರೇ, ನೀವು ಬರದಿದ್ರೆ ನಮಗೆ ದಿಕ್ಕಿಲ್ಲ” ಎಂದು ಹೊಸ ನಿರ್ದೇಶಕಿ ಫೋನ್ ಮಾಡಿದ್ದರು. ಮೂವತ್ನಾಲ್ಕು ವರ್ಷ ಅಲ್ಲಿ ಫೋಟೋ ತಿದ್ದುವ ‘ಟಚಿಂಗ್’ ಕೆಲಸ ಮಾಡಿದವನು ನಾನು. ಯೋಚಿಸಿ ಹೇಳುತ್ತೇನೆ ಎಂದು ಬಿಗುಮಾನ ತೋರಿಸಿದೆ. ಫೋನ್ ಇಟ್ಟವನೇ ಇಸ್ತ್ರಿಪೆಟ್ಟಿಗೆ ಹುಡುಕಿದೆ.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾರದೋ ಮೊಣಕೈ ನನ್ನ ಪಕ್ಕೆಗೆ, ಯಾರದೋ ಚೀಲ ನನ್ನ ಮೂತಿಗೆ. ಎಲ್ಲಿಂದ ಬರುತ್ತಾರೋ ಇಷ್ಟು ಜನ! ಊರು ಕೆಟ್ಟು ಕೆರ ಹಿಡಿದಿದೆ.

ಮೂರನೇ ಮಹಡಿಯ ಹಿಂದಿನ ಕೋಣೆ ಇದ್ದಂತೆಯೇ ಇದೆ. ಉತ್ತರದ ಕಿಟಕಿ, ಅಡಿಯಿಂದ ಬೆಳಕು ಬರುವ ಮೇಜು, ಒಂದು ಕಾಲು ಗಿಡ್ಡಗಿರುವ ನನ್ನ ಸ್ಟೂಲು. ಅದರ ಕೆಳಗೆ ನಾನೇ ಮಡಚಿಟ್ಟ ರಟ್ಟಿನ ಚೂರು ಸಹ ಹಾಗೇ ಇದೆ. ಕೂತೆ. ಸ್ಟೂಲು ಅಲುಗಾಡಲಿಲ್ಲ.

ಸಂಜೆ ಮನೆಗೆ ಬಂದಾಗ ಅಕ್ಕ ಕೊಡೆಯ ಕಡ್ಡಿಗೆ ದಾರ ಸುತ್ತುತ್ತಿದ್ದಳು. ಎಪ್ಪತ್ತೆಂಟಾದರೂ ಬೀದಿಯವರ ಮುರಿದ ಕೊಡೆಗಳೆಲ್ಲ ಇವಳ ಮಡಿಲಿಗೇ ಬರುತ್ತವೆ. ಕಣ್ಣು ಮಂಜಾಗಿದೆ, ಬೆರಳಲ್ಲೇ ನೋಡಿಕೊಳ್ಳುತ್ತಾಳೆ.

“ಏನೋ, ಹೊಸದಾಗಿ ಕೆಲಸ ಸಿಕ್ಕಿದವನ ಥರ ಶಿಳ್ಳೆ ಹಾಕ್ಕೊಂಡು ಬರ್ತಿದೀಯ?” ಎಂದಳು. ನಾನು ಶಿಳ್ಳೆ ಹಾಕಿದ್ದು ನನಗೇ ಗೊತ್ತಿರಲಿಲ್ಲ.

ಸೆಪ್ಟೆಂಬರ್ ೪, ಬುಧವಾರ

ಇಂದು ದಿನವಿಡೀ ನಾನು ಕಚೇರಿಯಲ್ಲಿ ಇರಲೇ ಇಲ್ಲ. ಹಳೆಯ ಫೋಟೋದ ಮೇಲೆ ಭೂತಗನ್ನಡಿ ಹಿಡಿದು ಅಂಚೆ ಕಚೇರಿ ಬೀದಿಯಲ್ಲಿ ನಡೆದುಕೊಂಡು ಹೋದೆ. ಮರಗಳ ನೆರಳು ರಸ್ತೆಯ ಆ ಬದಿಯಿಂದ ಈ ಬದಿಗೆ ಹಾಸಿತ್ತು. ಅಂಗಡಿಗಳ ಮುಂದೆ ಬಟ್ಟೆಯ ಚಪ್ಪರ, ಒಂದೂ ಸುಕ್ಕಿಲ್ಲ. ನಡುರಸ್ತೆಯಲ್ಲಿ ನಾಯಿಯೊಂದು ನಿದ್ದೆ ಹೋಗಿತ್ತು. ಎಬ್ಬಿಸುವವರು ಯಾರೂ ಇರಲಿಲ್ಲ. ತಿರುವಿನಲ್ಲಿ ಟ್ರಾಮ್ ನಿಂತಿತ್ತು, ಅದರ ಗಂಟೆ ಈಗ ಹೊಡೆಯುತ್ತದೆ, ಈಗ ಹೊಡೆಯುತ್ತದೆ ಎಂದು ಕಾದೆ. ಚಹಾ ತಂದಿಟ್ಟದ್ದು ಆರಿ ಕೆನೆಗಟ್ಟಿತ್ತು.

ನಿರ್ದೇಶಕಿ ಬಂದು ಬಗ್ಗಿ ನೋಡಿದರು. “ಎಷ್ಟು ಶಾಂತವಾಗಿದೆ ಅಲ್ವಾ? ಆಗ ಜನವೇ ಇರ್ಲಿಲ್ವಾ?”

“ಇದ್ರು ಮೇಡಂ. ಅಚ್ಚುಕಟ್ಟಾಗಿದ್ರು,” ಎಂದೆ.

ಅಚ್ಚುಕಟ್ಟು ಮಾಡಿದವನು ನಾನು ಎಂದು ಹೇಳಲಿಲ್ಲ. ಸರಕಾರಿ ಕ್ಯಾಲೆಂಡರಿಗೆ, ಅತಿಥಿಗಳಿಗೆ ಕೊಡುವ ಪುಸ್ತಕಕ್ಕೆ ಚಿತ್ರ ಬೇಕಾದಾಗ ಮೊದಲು ನನ್ನ ಮೇಜಿಗೆ ಬರುತ್ತಿತ್ತು. ತಳ್ಳುಗಾಡಿ, ಭಿಕ್ಷುಕರು, ಒಣಗಲು ಹಾಕಿದ ಬಟ್ಟೆ, ಸುಮ್ಮನೆ ನಿಂತು ಬಾಯಿಬಿಡುವವರು, ಎಲ್ಲ ತೆಗೆಯಬೇಕು. ಅದಕ್ಕೆ ಎರಡು ದಾರಿ. ಚಿತ್ರ ಮೂಡಿದ ಬದಿಯನ್ನು ಚಾಕುವಿನಿಂದ ಕೆರೆಯುವುದು ಒಂದು. ಹಿಂದಿನ ಬರಿಗಾಜಿನ ಮೇಲೆ ಕೆಂಪು ಬಣ್ಣ ಬಳಿಯುವುದು ಇನ್ನೊಂದು. ಬಣ್ಣ ಬಳಿದಲ್ಲಿ ಬೆಳಕು ದಾಟದು, ಅಚ್ಚು ಹಾಕಿದರೆ ಅಷ್ಟು ಜಾಗ ಬೆಳ್ಳಗೆ ಬರುತ್ತದೆ, ಬಿಸಿಲು ಬಿದ್ದ ನೆಲದ ಹಾಗೆ. ನನ್ನ ಕೈ ಅಷ್ಟು ಚೆನ್ನಾಗಿತ್ತು. ಹಾಗೆ ನೋಡಿದರೆ ಇವರೆಲ್ಲ ಹಂಬಲಿಸುವ ಆ ಹಳೆಯ ಊರಿನಲ್ಲಿ ಅರ್ಧ ನನ್ನ ಕೈಗೆಲಸ.

ಗಡಿಯಾರದ ಚೌಕದ ಪೆಟ್ಟಿಗೆಯನ್ನು ಇಂದು ತೆಗೆಯಲಿಲ್ಲ. ನಾಳೆ ನೋಡಿದರಾಯಿತು.

ಸೆಪ್ಟೆಂಬರ್ ೯, ಸೋಮವಾರ

ಅಕ್ಕನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವರು ಮೃದುವಾಗಿಯೇ ಹೇಳಿದರು. “ನಡುವಿನ ನೋಟ ಹೋಗ್ತಾ ಇದೆ ಅಮ್ಮಾ. ಅಂಚಿನದು ಉಳಿಯುತ್ತೆ. ಏನಾದ್ರೂ ಚೆನ್ನಾಗಿ ನೋಡ್ಬೇಕು ಅಂತಿದ್ರೆ ಈ ಒಂದೆರಡು ತಿಂಗಳಲ್ಲಿ ನೋಡ್ಕೊಂಬಿಡಿ.”

ಏನು ಕೇಳುತ್ತಾಳೋ ಎಂದು ನಾನು ಅವಳ ಮುಖ ನೋಡಿದೆ. ಈಗಾಗಲೇ ಕೋಳಿಯ ಹಾಗೆ ಕತ್ತು ಓರೆ ಮಾಡಿ ನೋಡುವುದನ್ನು ಕಲಿತಿದ್ದಾಳೆ.

“ನಾನು ಪ್ರಾಯದಲ್ಲಿ ಹೇಗಿದ್ದೆ ಅಂತ ಒಂದ್ಸಲ ನೋಡ್ಬೇಕಿತ್ತು ಡಾಕ್ಟ್ರೇ. ಆಗಿನದು ಒಂದು ಫೋಟೋನೂ ಇಲ್ಲ. ಒಂದೇ ಒಂದ್ಸಲ ತೆಗೆದಿದ್ರು, ನಾನೇ ಅಲುಗಾಡಿ ಕೆಡಿಸ್ಕೊಂಡೆ.”

ಡಾಕ್ಟರು ನಕ್ಕರು. ನಾನು ಚೀಟಿ ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ.

ಆ ಫೋಟೋ ಕೆಟ್ಟಿತು ಎಂದುಕೊಂಡ ದಿನದಿಂದ ಅವಳು ಕ್ಯಾಮೆರಾ ಕಂಡರೆ ಕಂಬ ನುಂಗಿದವಳಂತೆ ನಿಲ್ಲುತ್ತಾಳೆ. ನೆಂಟರ ಮದುವೆಯ ಫೋಟೋಗಳಲ್ಲಿ ಎಲ್ಲರೂ ಹಲ್ಲು ಕಿರಿಯುತ್ತಿದ್ದರೆ ಇವಳೊಬ್ಬಳು ಕಣ್ಣರಳಿಸಿ, ಉಸಿರು ಕಟ್ಟಿ, ಕೈಗಳನ್ನು ಪಕ್ಕಕ್ಕೆ ಅಂಟಿಸಿಕೊಂಡು ನಿಂತಿರುತ್ತಾಳೆ. “ಅಕ್ಕಾ, ಮುಗೀತು, ಉಸಿರು ಬಿಡು” ಎಂದು ಚಿಕ್ಕಪ್ಪನ ಮಗಳು ಪ್ರತಿ ಸಲ ಚುಡಾಯಿಸುತ್ತಾಳೆ. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ.

ಸೆಪ್ಟೆಂಬರ್ ೧೦, ಮಂಗಳವಾರ

ಕಚೇರಿಗೆ ಹೋಗಲಿಲ್ಲ. ತಲೆನೋವು ಎಂದೆ.

ಸೆಪ್ಟೆಂಬರ್ ೧೩, ಶುಕ್ರವಾರ

ನಾನು ತೆಗೆಯದ ಪೆಟ್ಟಿಗೆಯನ್ನು ನಿರ್ದೇಶಕಿಯೇ ತೆಗೆಸಿದ್ದಾರೆ. ಅವರ ಮೇಜಿನ ಮೇಲೆ ಪೋಸ್ಟರಿನ ಮಾದರಿ ಹರಡಿತ್ತು. ಗಡಿಯಾರದ ಚೌಕ, ನಡುಮಧ್ಯಾಹ್ನ. ಬೆಳ್ಳಗೆ ಹೊಳೆಯುವ ಹಾಸುಗಲ್ಲು, ನಡುವೆ ಗೋಪುರ, ಮುಳ್ಳು ಹನ್ನೆರಡೂ ಹತ್ತರಲ್ಲಿ. ಒಂದು ನರಪಿಳ್ಳೆಯಿಲ್ಲ.

ಒಂದು ಕ್ಷಣ ನನಗೂ ಅದರೊಳಗೆ ಹೋಗಿ ಕೂರಬೇಕು ಅನ್ನಿಸಿತು. ಆ ಬಿಸಿಲು ಬೆನ್ನಿಗೆ ತಾಗುವಂತಿತ್ತು.

“ನೋಡಿದವರೆಲ್ಲ ಕಣ್ಣೀರು ಹಾಕ್ತಾರೆ,” ಎಂದರು ಅವರು. ಆಮೇಲೆ ಬೆರಳಿಟ್ಟರು. “ಆದ್ರೆ ಇಲ್ಲೊಂದು ನೆರಳಿದೆಯಲ್ಲ ಯಜಮಾನ್ರೇ, ಇದು ಯಾರದ್ದು?”

ಗೋಪುರದ ಬುಡದಿಂದ ನಾಲ್ಕು ಹೆಜ್ಜೆ ಈಚೆ, ನೆಲದ ಮೇಲೆ ಒಂದು ದುಂಡನೆಯ ಕಪ್ಪು ನೆರಳು. ಅದರ ಮೇಲೆ ಏನೂ ಇಲ್ಲ.

“ಮೋಡದ್ದಿರ್ಬೇಕು.”

“ಮೋಡ ಇಷ್ಟು ಚಿಕ್ಕದಿರುತ್ತಾ?”

ಅವರು ಸುಮ್ಮನೆ ಕೇಳಿದ್ದು. ನನಗೆ ಕಿವಿಯವರೆಗೆ ಬಿಸಿಯಾಯಿತು.

ಸೆಪ್ಟೆಂಬರ್ ೧೪, ಶನಿವಾರ

ಬರೆದೇಬಿಡುತ್ತೇನೆ. ಇದನ್ನು ಓದುವವರು ಯಾರೂ ಇಲ್ಲ.

ಅದು ಕೊಡೆಯ ನೆರಳು. ಕೊಡೆ ಅಕ್ಕನದು.

ಅಪ್ಪ ಗೋಪುರದ ಬುಡದಲ್ಲಿ ಕೊಡೆ ರಿಪೇರಿ ಮಾಡುತ್ತಿದ್ದ. ಅವನು ಹೋದ ಮೇಲೆ ಅದೇ ಜಾಗದಲ್ಲಿ ಅಕ್ಕ ಕೂತಳು. ನಾನು ಓದಿದ್ದು, ಈ ಕೆಲಸ ಕಲಿತದ್ದು, ಸಂದರ್ಶನಕ್ಕೆ ಹಾಕಿಕೊಂಡು ಹೋದ ಷರ್ಟು, ಎಲ್ಲ ಆ ಜಾಗದಿಂದ ಬಂದದ್ದು. ನಾನು ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. ನಮ್ಮ ಕಚೇರಿಯ ಫೋಟೋಗ್ರಾಫರ್ ವ್ಯಾನಿನ ಮೇಲೆ ಹತ್ತಿ ಚೌಕದ ಚಿತ್ರ ತೆಗೆದ. “ಯಾರೂ ಅಲುಗಾಡ್ಬೇಡಿ” ಎಂದು ಕೂಗಿದನಂತೆ. ತಮ್ಮನ ಕಚೇರಿಯವರು ತೆಗೆಯುವ ಫೋಟೋ ಎಂದು ಅಕ್ಕ ಎದ್ದು, ಅಪ್ಪನ ದೊಡ್ಡ ಕರಿ ಕೊಡೆ ಬಿಚ್ಚಿ ಹಿಡಿದು ನಿಂತಳು. ಅಂದು ಸಂಜೆ ಮನೆಯಲ್ಲಿ ನಿಂತು ತೋರಿಸಿದಳು, ಹೇಗೆ ನಿಂತಿದ್ದೆ ಎಂದು.

ಮರುದಿನ ಆ ಗಾಜು ನನ್ನ ಮೇಜಿಗೆ ಬಂತು. ಚೌಕ ಖಾಲಿ ಮಾಡು ಎಂದರು ದೊಡ್ಡ ಯಜಮಾನರು. ಮಾಡಿದೆ.

ಹೊಸ ಕೆಲಸ, ಮಾತು ಮೀರುವಂತಿರಲಿಲ್ಲ ಎಂದು ಇಷ್ಟು ವರ್ಷ ನನಗೇ ಹೇಳಿಕೊಂಡಿದ್ದೇನೆ. ಅದು ಪೂರ್ತಿ ನಿಜವಲ್ಲ. ಯಜಮಾನರು ಒಳ್ಳೆಯವರು. “ಇವಳು ನನ್ನಕ್ಕ, ಬಿಟ್ಟುಬಿಡ್ಲಾ?” ಎಂದಿದ್ದರೆ ಬಿಡು ಎನ್ನುತ್ತಿದ್ದರು. ನನಗೆ ನಾಚಿಕೆಯಾಯಿತು. ಕೊಡೆ ಹೊಲಿಯುವವಳ ತಮ್ಮ ಎಂದು ಕಚೇರಿಗೆ ಗೊತ್ತಾಗಬಾರದಿತ್ತು.

ಕ್ಯಾಲೆಂಡರ್ ಬಂದಾಗ ಅವಳು ತನ್ನನ್ನು ಹುಡುಕಿದಳು. ಬೆರಳಿಟ್ಟು ಹುಡುಕಿದಳು. ಆಗ ನಾನು ಹೇಳಿದೆ, “ನೀನು ಅಲುಗಾಡಿರ್ಬೇಕು ಅಕ್ಕ. ಅಲುಗಾಡಿದವ್ರು ಕ್ಯಾಮೆರಾದಲ್ಲಿ ನಿಲ್ಲಲ್ಲ.”

“ಹೌದೇನೋ, ನೊಣ ಕೂತಿತ್ತು,” ಎಂದಳು.

ನೆರಳನ್ನು ಮಾತ್ರ ಅಳಿಸಿರಲಿಲ್ಲ. ಮರೆತೆನೋ, ಬಿಟ್ಟೆನೋ, ಈಗ ಹೇಳಲಾರೆ.

ಸೆಪ್ಟೆಂಬರ್ ೧೮, ಬುಧವಾರ

ನಾಲ್ಕು ದಿನದಿಂದ ಒಂದೇ ಯೋಚನೆ. ಚಾಕುವೋ, ಬಣ್ಣವೋ? ಚಾಕುವಾದರೆ ಅಕ್ಕ ನಲವತ್ತಾರು ವರ್ಷದ ಹಿಂದೆಯೇ ಧೂಳಾಗಿ ಮೇಜಿನಿಂದ ಒರೆಸಿ ಹೋಗಿದ್ದಾಳೆ. ಬಣ್ಣವಾದರೆ ತೊಳೆಯಬಹುದು, ಅದರಡಿ ಅವಳು ಇನ್ನೂ ಇದ್ದಾಳೆ. ಆಗ ನನಗೆ ಚಾಕುವಿನ ಹುಚ್ಚು ಬೇರೆ.

ಇಂದು ಪೆಟ್ಟಿಗೆಯಿಂದ ಆ ಗಾಜನ್ನು ಎತ್ತಿದೆ. ನೋಡಲು ಧೈರ್ಯ ಸಾಲಲಿಲ್ಲ. ಅಕ್ಕ ಕೊಡೆಯನ್ನು ನೋಡುವ ಹಾಗೆ ಕಣ್ಣು ಮುಚ್ಚಿ ಹಿಂಬದಿಯಲ್ಲಿ ಬೆರಳಾಡಿಸಿದೆ. ನುಣ್ಣಗೆ, ನುಣ್ಣಗೆ, ಆಮೇಲೆ ತೆಳ್ಳಗೆ ಒಂದು ದಡ. ಒಣಗಿದ ಬಣ್ಣದ ಅಂಚು.

ಸ್ಟೂಲಿನ ಮೇಲೆ ಕೂತು ಅತ್ತೆ. ಎಪ್ಪತ್ತು ವರ್ಷದ ಕತ್ತೆ.

ಸೆಪ್ಟೆಂಬರ್ ೧೯, ಗುರುವಾರ

ಬಸ್ಸಿನಿಂದ ಎರಡು ನಿಲ್ದಾಣ ಮುಂಚೆ ಇಳಿದು ಗಡಿಯಾರದ ಚೌಕಕ್ಕೆ ಹೋದೆ. ಕೆಲಸವೇನೂ ಇರಲಿಲ್ಲ. ಎಷ್ಟೋ ವರ್ಷದಿಂದ ಆ ಕಡೆ ತಲೆ ಹಾಕಿರಲಿಲ್ಲ. ಅಕ್ಕನ ಜಾಗದಲ್ಲಿ ತೂಕದ ಯಂತ್ರ ಇಟ್ಟುಕೊಂಡು ಒಬ್ಬ ಕೂರುತ್ತಾನೆ. “ಹತ್ತಿ ಸಾರ್, ತೂಕ ಸುಳ್ಳು ಹೇಳಲ್ಲ,” ಎಂದ. ಹತ್ತಿದೆ. ಅವನ ಮಗಳಿಗೆ ದಾದಿಯ ತರಬೇತಿಗೆ ಸೀಟು ಸಿಕ್ಕಿದೆಯಂತೆ. ಎದುರಿಗೆ ಬೀಗದ ಕೈ ಮಾಡುವವನು, ಅವನ ಪಕ್ಕ ಕನ್ನಡಕ ಮಾರುವ ಒಬ್ಬಳು ಅತ್ತಿಗೆ, ಅವಳ ಮೈದುನ. ಮೈದುನನಿಗೆ ಸೋಮಾರಿತನ ಜಾಸ್ತಿ, ಅತ್ತಿಗೆ ಬೈಯುವುದು ಚೌಕಕ್ಕೆಲ್ಲ ಕೇಳುತ್ತದೆ.

ಕಚೇರಿಗೆ ತಡವಾಯಿತು.

ಸೆಪ್ಟೆಂಬರ್ ೨೫, ಬುಧವಾರ

ಯಾರನ್ನೂ ಕೇಳಲಿಲ್ಲ. ಕೇಳಿದರೆ ಬೇಡ ಎನ್ನುತ್ತಾರೆ.

ಊಟದ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು, ಗಾಜನ್ನು ಬೆಳಕಿನ ಮೇಜಿನ ಮೇಲೆ ಮಲಗಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಒಂದು ಮೂಲೆಯಿಂದ ಶುರು ಮಾಡಿದೆ. ಬಣ್ಣ ಮೊದಲು ಮೊಂಡು ಹಿಡಿಯಿತು, ಆಮೇಲೆ ಮೆತ್ತಗಾಯಿತು, ಆಮೇಲೆ ಕರಗಿತು. ಹತ್ತಿ ಕೆಂಪಾದಂತೆ ಚೌಕದಲ್ಲಿ ಜನ ಸೇರತೊಡಗಿದರು. ಮೆಟ್ಟಿಲ ಮೇಲೆ ಪತ್ರಿಕೆ ಓದುವವನು. ಎರಡು ಮಕ್ಕಳ ಕೈ ಹಿಡಿದು ಅವಸರದಲ್ಲಿ ದಾಟುವ ತಾಯಿ. ಬೂಟು ಪಾಲಿಷ್‌ನವನು, ಅವನ ಎದುರು ಒಂದು ಕಾಲು ಎತ್ತಿಟ್ಟ ಗುಮಾಸ್ತ. ತಳ್ಳುಗಾಡಿಗಳು, ಸೈಕಲ್ಲುಗಳು, ಸುಮ್ಮನೆ ನಿಂತು ಬಾಯಿಬಿಡುವವರು. ನೆಗೆಟಿವ್‌ನಲ್ಲಿ ಎಲ್ಲರ ಮುಖ ಕಪ್ಪು, ಕೂದಲು ಬಿಳುಪು. ನಾನು ಒಬ್ಬೊಬ್ಬರಿಗೂ “ಬನ್ನಿ, ಬನ್ನಿ” ಎನ್ನುತ್ತಿದ್ದೆ. ಬಾಯಿಬಿಟ್ಟೇ ಎನ್ನುತ್ತಿದ್ದೆ ಅನಿಸುತ್ತದೆ.

ಗೋಪುರದ ಕಪ್ಪು ಬಾಗಿಲಲ್ಲಿ ಬಿಳಿ ಅಂಗಿಯವನೊಬ್ಬನಿದ್ದ. ಅವನಿಗೆ ಚಾಕು ಹಾಕಿದ್ದೆ. ಅವನು ಬರಲಿಲ್ಲ. ಇನ್ನು ಬರುವುದೂ ಇಲ್ಲ. ಅವನು ಯಾರೆಂದು ನನಗೆ ನೆನಪಿಲ್ಲ.

ಕೊನೆಗೆ ಉಳಿದದ್ದು ನೆರಳಿನ ಮೇಲಿನ ಜಾಗ. ಅಲ್ಲಿ ಒರೆಸಿದೆ. ಕತ್ತಲೆ ಕೋಣೆಗೆ ಹೋಗಿ ದೊಡ್ಡ ಕಾಗದದ ಮೇಲೆ ಅಚ್ಚು ಹಾಕಿದೆ. ಕೆಂಪು ದೀಪದಡಿ ತಟ್ಟೆಯ ನೀರಿನಲ್ಲಿ ಮೊದಲು ಕೊಡೆ ಮೂಡಿತು. ಆಮೇಲೆ ಕೊಡೆ ಹಿಡಿದ ಕೈ. ಆಮೇಲೆ ಅವಳು.

ಮೂವತ್ತೆರಡರ ಅಕ್ಕ. ನೆಟ್ಟಗೆ ನಿಂತಿದ್ದಾಳೆ. ಕೆನ್ನೆಯ ಮೇಲೆ ನೊಣ ಕೂತಿದೆ.

ಸೆಪ್ಟೆಂಬರ್ ೨೬, ಗುರುವಾರ

ನಿರ್ದೇಶಕಿಗೆ ಹೇಳಿದೆ. ಅವರು ಕೂಗಾಡಲಿಲ್ಲ, ಕೂಗಾಡಿದ್ದರೆ ವಾಸಿಯಿತ್ತು. “ಕಚೇರಿ ಆಸ್ತಿ ಯಜಮಾನ್ರೇ. ನಿಮ್ಮನ್ನ ನಂಬಿ ಕೀಲಿ ಕೊಟ್ಟಿದ್ದೆ,” ಎಂದರು. ತಲೆ ತಗ್ಗಿಸಿ ನಿಂತೆ. ಆಮೇಲೆ ಅಚ್ಚನ್ನು ಬಹಳ ಹೊತ್ತು ನೋಡಿದರು. ಬೂಟು ಪಾಲಿಷ್ ಹಾಕಿಸಿಕೊಳ್ಳುವ ಗುಮಾಸ್ತನ ಕಾಲ್ಚೀಲ ತೂತಾಗಿರುವುದನ್ನು ಅವರೇ ಮೊದಲು ಕಂಡದ್ದು.

ಪೋಸ್ಟರ್ ಬದಲಾಗದು, ಎಲ್ಲ ಕಡೆ ಅಂಟಿಸಿಯಾಗಿದೆ. ಇದನ್ನು ಕೊನೆಯ ಕೋಣೆಯಲ್ಲಿ ಹಾಕಬಹುದು ಎಂದರು. “ಕೆಳಗೆ ಏನಂತ ಬರೀಬೇಕು?”

“ಬಂದು ಹೇಳ್ತೀನಿ,” ಎಂದೆ. ಮೊದಲು ಹೇಳಬೇಕಾದ ಜಾಗ ಬೇರೆ ಇತ್ತು.

ಸೆಪ್ಟೆಂಬರ್ ೨೮, ಶನಿವಾರ

ಬೆಳಗ್ಗೆ, ಕಿಟಕಿಯ ಬಿಸಿಲು ನೆಲಕ್ಕೆ ಬಿದ್ದ ಹೊತ್ತಿಗೆ, ಅಚ್ಚನ್ನು ಗೋಡೆಗೆ ಆನಿಸಿಟ್ಟೆ. ಬಾಗಿಲಿನಷ್ಟು ದೊಡ್ಡದು. ಅಕ್ಕನನ್ನು ಅದರ ಮುಂದೆ ಕುರ್ಚಿ ಹಾಕಿ ಕೂರಿಸಿದೆ.

“ಏನಿದು? ಚೌಕ ಅಲ್ವಾ? ಅಯ್ಯೋ, ಪಾಲಿಷ್‌ನವನು! ಇವನು ನನ್ನ ಸೂಜಿ ಇಸ್ಕೊಂಡು ಹೋಗಿ ವಾಪಸ್ ಕೊಡ್ಲೇ ಇಲ್ಲ ಕಣೋ.”

“ಗೋಪುರದ ಹತ್ರ ನೋಡಕ್ಕ.”

ನೋಡಿದಳು. ನೇರವಾಗಿ ನೋಡಿದರೆ ಅಲ್ಲಿ ಮಂಜು. ಕತ್ತು ಓರೆ ಮಾಡಿದಳು, ಬಗ್ಗಿದಳು, ಹಿಂದಕ್ಕೆ ಸರಿದಳು. ಕೊನೆಗೆ ಮೇಲಿನ ಗಡಿಯಾರದ ಮೇಲೆ ದೃಷ್ಟಿ ನೆಟ್ಟಳು. ಆಗ ಕಣ್ಣಿನ ಅಂಚಿನಲ್ಲಿ ಸಿಕ್ಕಿತು.

“ಗಡಿಯಾರ ನೋಡಿದ್ರೆ ನಾನು ಕಾಣ್ತೀನಿ,” ಎಂದಳು, ಮೆಲ್ಲಗೆ.

ಗಡಿಯಾರವನ್ನೇ ನೋಡುತ್ತ ಕೂತಳು. ಬಿಸಿಲು ಅವಳ ಪಾದದಿಂದ ಮೊಣಕಾಲಿಗೆ ಏರಿತು. ಕೋಣೆಯಲ್ಲಿ ನಾವಿಬ್ಬರೋ ಮೂವರೋ ಎಂದು ನನಗೆ ತಿಳಿಯದಂತಾಯಿತು.

“ಅಲುಗಾಡಿಲ್ಲ ನಾನು,” ಎಂದಳು.

“ಇಲ್ಲ ಅಕ್ಕ.”

“ನೊಣ ಕೂತ್ರೂ ಅಲುಗಾಡಿಲ್ಲ.”

ಹೇಳಿದೆ. ಬಣ್ಣ, ನಾಚಿಕೆ, ಎಲ್ಲ ಹೇಳಿದೆ. ಅವಳು ನನ್ನ ಕಡೆ ತಿರುಗಲಿಲ್ಲ. ಎದ್ದು ಒಳಗೆ ಹೋದಳು.

ಸೆಪ್ಟೆಂಬರ್ ೩೦, ಸೋಮವಾರ

ಮಾತಿಲ್ಲ. ಕೊಡೆಗಳನ್ನು ದಬದಬ ಬಡಿಯುತ್ತಾಳೆ. ಅಡುಗೆ ಮಾಡಿಟ್ಟು ತಟ್ಟೆ ನೂಕುತ್ತಾಳೆ. ಚಿತ್ರವನ್ನು ಮಾತ್ರ ಗೋಡೆಯಿಂದ ತೆಗೆಯಲು ಬಿಡಲಿಲ್ಲ, ಪ್ರದರ್ಶನಕ್ಕೆ ಇನ್ನೊಂದು ಅಚ್ಚು ಹಾಕಿದೆ.

ಅಕ್ಟೋಬರ್ ೨, ಬುಧವಾರ

ಚಹಾ ಕುಡಿಯುವಾಗ ತಾನಾಗಿ ಶುರು ಮಾಡಿದಳು.

“ಅಳಿಸಿದ್ದಕ್ಕಲ್ಲ ಕಣೋ. ಹೊಟ್ಟೆಪಾಡು, ಚಿಕ್ಕ ವಯಸ್ಸು, ಅಳಿಸ್ದೆ. ಅಲುಗಾಡಿದೆ ಅಂದ್ಯಲ್ಲ, ಅದು. ನನ್ನ ತಪ್ಪು ಅಂತ ಮಾಡ್ದೆ. ನಲವತ್ತಾರು ವರ್ಷ ಉಸಿರು ಕಟ್ಕೊಂಡು ನಿಂತಿದೀನಿ ನಾನು.”

ತಪ್ಪಾಯಿತು ಎಂದೆ. ಬಹಳ ಸಣ್ಣ ಮಾತು, ಆದರೂ ಅಂದೆ.

“ಚಹಾ ಆರ್ತಿದೆ, ಕುಡಿ,” ಎಂದಳು.

ಅಕ್ಟೋಬರ್ ೫, ಶನಿವಾರ

ಕಾಲಿಡಲು ಜಾಗವಿರಲಿಲ್ಲ. ಖಾಲಿ ಬೀದಿಗಳ ಮುಂದೆ ಜನ ಒಬ್ಬರ ಮೇಲೊಬ್ಬರು ಬಿದ್ದು ನಿಟ್ಟುಸಿರು ಬಿಡುತ್ತಿದ್ದರು. ವಯಸ್ಸಾದ ಒಬ್ಬರು ಕರವಸ್ತ್ರ ತೆಗೆದು “ಎಂಥ ಕಾಲ ಸ್ವಾಮಿ ಅದು” ಎಂದರು. ಹೌದು ಎಂದೆ. ನನಗೂ ಇವತ್ತಿಗೂ ಆ ಬೀದಿಗಳಲ್ಲಿ ನಡೆಯಬೇಕು ಅನಿಸುತ್ತದೆ. ಆದರೆ ಆ ನಾಯಿಯ ಪಕ್ಕ ಯಾರನ್ನು ತೆಗೆದಿದ್ದೆ ಎಂದು ಯೋಚಿಸುತ್ತ ನಿಂತುಬಿಡುತ್ತೇನೆ.

ಕೊನೆಯ ಕೋಣೆಯಲ್ಲಿ ನಿಟ್ಟುಸಿರು ಕಡಿಮೆ, ಗದ್ದಲ ಜಾಸ್ತಿ. “ಇಷ್ಟೊಂದು ಜನ ಆಗ್ಲೂ ಇದ್ರಾ?” ಎಂದು ಒಬ್ಬಾಕೆ ಬೇಸರಪಟ್ಟುಕೊಂಡರು. ಕೆಳಗೆ ನಾನು ಬರೆದುಕೊಟ್ಟ ಸಾಲು ಇತ್ತು: ‘ಗಡಿಯಾರದ ಚೌಕ, ಹನ್ನೆರಡೂ ಹತ್ತು. ಕೊಡೆ ಹಿಡಿದವಳು ನನ್ನ ಅಕ್ಕ. ಈ ಚಿತ್ರದಿಂದ ಅವಳನ್ನು ಅಳಿಸಿದವನು ನಾನು.’

ಅಕ್ಕ ಬಂದಿದ್ದಳು. ತೂಕದ ಯಂತ್ರದವನೂ ಮಗಳನ್ನು ಕರೆದುಕೊಂಡು ಬಂದಿದ್ದ. ಪತ್ರಿಕೆಯ ಫೋಟೋಗ್ರಾಫರ್ ಅಕ್ಕನನ್ನು ಚಿತ್ರದ ಪಕ್ಕ ನಿಲ್ಲಿಸಿ “ಅಲುಗಾಡ್ಬೇಡಿ ಅಜ್ಜಿ” ಎಂದ.

ಅಕ್ಕ ಕೈ ಬೀಸಿದಳು. “ಸುಮ್ನಿರಪ್ಪ! ಮೊದ್ಲು ನಿನ್ನ ಕೊಡೆ ಇತ್ತ ಕೊಡು. ಹೆಗಲಲ್ಲಿ ಲಟಲಟ ಅಂತಿದೆ, ಕಡ್ಡಿ ಮುರಿದಿರ್ಬೇಕು,” ಎಂದು ಅವನನ್ನು ಬೈಯುತ್ತಲೇ ಇದ್ದಳು. ಅವನು ತೆಗೆಯುತ್ತಲೇ ಇದ್ದ.

ಅಲ್ಲಿದ್ದವರೆಲ್ಲರ ಜೊತೆ ಮಾತಾಡುತ್ತ ಕೊನೆಯ ಬಸ್ಸು ತಪ್ಪಿತು. ಇಬ್ಬರೂ ನಡೆದು ಬಂದೆವು.

ಅಕ್ಟೋಬರ್ ೬, ಭಾನುವಾರ

ಪತ್ರಿಕೆಯಲ್ಲಿ ಬಂದಿದೆ. ಬಾಯಿ ತೆರೆದಿದೆ, ಕಣ್ಣು ಅರ್ಧ ಮುಚ್ಚಿದೆ, ಬೀಸಿದ ಕೈ ಬರೀ ಮಸುಕು. ಹಳೆಯ ಚಾಳಿ, ಬೆರಳು ತಾನಾಗಿ ಬ್ರಷ್ ಹುಡುಕಿತು. ಬಿಟ್ಟೆ.

ಅಕ್ಕ ಪತ್ರಿಕೆಯನ್ನು ಮೂಗಿನ ಹತ್ತಿರ ಹಿಡಿದು, ಓರೆ ಮಾಡಿ ನೋಡಿ, ಸೋತು ನನ್ನ ಕೈಗೆ ಕೊಟ್ಟಳು.

“ಹೇಗೆ ಬಂದಿದೀನೋ?”

“ಅಲುಗಾಡಿದೀಯ ಅಕ್ಕ,” ಎಂದೆ.

ಅವಳು ನಕ್ಕ ನಗೆಗೆ ಮಡಿಲಿನ ಕೊಡೆ ಕೆಳಗೆ ಬಿತ್ತು.